ಬೇಬೆರಿ ಹಣ್ಣಿನ ಮೇಣದಿಂದ ಸಾಬೂನು ಮತ್ತು ಮೇಣದಬತ್ತಿ: ಎರಡಕ್ಕೂ ಒಂದೇ ಮೇಣ ಸಾಕೇ?

ಕಡಲಪೊದೆ:

ಎಲ್ಲರಿಗೂ ನಮಸ್ಕಾರ. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಿ ತಾನಾಗಿ ಬೆಳೆಯುವ ಬೇಬೆರಿ ಪೊದೆಯ ಬಗ್ಗೆ ಇಲ್ಲಿ ಕೆಲವರಿಗಾದರೂ ತಿಳಿದಿರಬಹುದು. ಅದರ ಸಣ್ಣ ಗುಂಡು ಹಣ್ಣುಗಳ ಮೇಲೆ ಬೂದುಬಿಳುಪಿನ ಮೇಣ ಹರಳುಹರಳಾಗಿ ಅಂಟಿಕೊಂಡಿರುತ್ತದೆ. ಆ ಹಣ್ಣುಗಳನ್ನು ಕುದಿಸಿ ತೆಗೆದ ಮೇಣದಿಂದ ಆ ಕರಾವಳಿಯ ವಲಸಿಗರು ಮೇಣದಬತ್ತಿ ಮಾಡುತ್ತಿದ್ದರು. ಸ್ವೀಡನ್ನಿನ ಸಸ್ಯವಿಜ್ಞಾನಿ ಪೆಹ್ರ್ ಕಾಲ್ಮ್ 1748ರಲ್ಲಿ ಆ ಪ್ರದೇಶಕ್ಕೆ ಬಂದಾಗ ಈ ಬತ್ತಿಗಳು ಬೇಸಿಗೆಯಲ್ಲಿ ಸುಲಭವಾಗಿ ಬಾಗುವುದಿಲ್ಲ, ಆರಿಸಿದಾಗ ಹಿತವಾದ ಪರಿಮಳ ಬೀರುತ್ತವೆ ಎಂದು ದಾಖಲಿಸಿದ್ದಲ್ಲದೆ, ಇದೇ ಮೇಣದಿಂದ ಮಾಡಿದ ಸಾಬೂನು ಕ್ಷೌರಕ್ಕೆ ಅತ್ಯುತ್ತಮವೆಂದೂ ಬರೆದಿದ್ದಾರೆ.

ಈ ಎರಡನೆಯ ಮಾತೇ ನನ್ನನ್ನು ಗೊಂದಲಕ್ಕೀಡುಮಾಡಿದೆ. ಜೇನುಮೇಣವನ್ನು ಸಾಬೂನಿಗೆ ಬಳಸುವವರೆಲ್ಲರೂ ಅದನ್ನು ಚಿಟಿಕೆಯಷ್ಟು ಮಾತ್ರ ಸೇರಿಸಬೇಕು, ಹೆಚ್ಚಾದರೆ ನೊರೆಯೇ ಬರುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಬೇಬೆರಿ ಮೇಣ ಸಾಬೂನಿನ ಮುಖ್ಯ ವಸ್ತುವಾಗುವುದು ಹೇಗೆ? ಒಂದು ಕಿಲೋಗ್ರಾಂ ಒಣಹಣ್ಣಿನಿಂದ ಎಷ್ಟು ಮೇಣ ದೊರೆಯಬಹುದು, ಅದನ್ನು ಸಾಬೂನಿಗೆ ಬಳಸುವುದು ಒಳ್ಳೆಯದೋ ಬತ್ತಿಗೋ, ಕಾಡುಗಿಡದಿಂದ ಹೀಗೆ ಕೀಳುವುದು ಸರಿಯೋ ಎಂಬುದನ್ನೂ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ರಸಾಯನ ಓದುಗ:

ತಮ್ಮ ಗೊಂದಲ ಸಹಜವಾದದ್ದು. ಗಿಡಗಳ ಮೇಲಿನ ಗಟ್ಟಿಯಾದ, ಜಿಡ್ಡಿನಂಥ ಹೊದಿಕೆಯನ್ನೆಲ್ಲ ನಾವು ಮೇಣ ಎಂದು ಕರೆಯುತ್ತೇವಾದರೂ ಕ್ಷಾರದ ಎದುರಿಗೆ ಅವೆಲ್ಲ ಒಂದೇ ರೀತಿ ವರ್ತಿಸುವುದಿಲ್ಲ. ಜೇನುಮೇಣ, ಬ್ರೆಜಿಲ್‌ನ ತಾಳೆಯೊಂದರ ಎಲೆಯಿಂದ ಬರುವ ಕಾರ್ನೌಬ, ಮರುಭೂಮಿಯ ಗಿಡವೊಂದರಿಂದ ಬರುವ ಕ್ಯಾಂಡೆಲಿಲ್ಲ ಮೊದಲಾದ ಮೇಣಗಳಲ್ಲಿ ಕೊಬ್ಬಿನಾಮ್ಲಗಳು ಉದ್ದ ಸರಪಳಿಯ ಆಲ್ಕೊಹಾಲುಗಳೊಂದಿಗೆ ಬೆಸೆದುಕೊಂಡಿರುತ್ತವೆ. ಕಾಸ್ಟಿಕ್ ಸೋಡಾದಂಥ ಕ್ಷಾರ ಆ ಬೆಸುಗೆಯನ್ನು ಬಿಡಿಸಿದಾಗ ಒಂದು ಪಾಲು ಸಾಬೂನಾಗುತ್ತದೆ. ಇನ್ನೊಂದು ಪಾಲು ನೀರಿನಲ್ಲಿ ಕರಗದ ಗಟ್ಟಿ ಆಲ್ಕೊಹಾಲಾಗಿ ಉಳಿದು ನೊರೆಯನ್ನು ತಡೆಯುತ್ತದೆ. ಕ್ಯಾಂಡೆಲಿಲ್ಲದ ಸ್ಥಿತಿ ಇನ್ನೂ ಕಷ್ಟಕರ. ಅದರ ಸುಮಾರು ಅರ್ಧ ಭಾಗ ಬರಿಯ ಹೈಡ್ರೋಕಾರ್ಬನ್ ಆಗಿದ್ದು, ಕ್ಷಾರ ಅದನ್ನು ಮುಟ್ಟುವುದೇ ಇಲ್ಲ.

ಬೇಬೆರಿ ಹಣ್ಣಿನ ಮೇಲಿನದು ರಚನೆಯಲ್ಲಿ ಕೊಬ್ಬು. ಅದರಲ್ಲಿ ಗ್ಲಿಸರಿನ್‌ಗೆ ಒಂದು, ಎರಡು ಅಥವಾ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ, ಮತ್ತು ಆ ಆಮ್ಲಗಳಲ್ಲಿ ಹೆಚ್ಚಿನವು ಪಾಮಿಟಿಕ್ ಹಾಗೂ ಮಿರಿಸ್ಟಿಕ್, ಅಂದರೆ ಸಂತೃಪ್ತ ಆಮ್ಲಗಳು. ಆದ್ದರಿಂದಲೇ ಅದು ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿದ್ದು ಮುಟ್ಟಿದರೆ ಮೇಣದಂತೆ ತೋರುತ್ತದೆ. ಕ್ಷಾರ ಸೇರಿದರೆ ಬೀಜದ ಎಣ್ಣೆಗಳಂತೆಯೇ ಪೂರ್ತಿಯಾಗಿ ಸಾಬೂನಾಗುತ್ತದೆ. ಇದನ್ನು ಅಳೆಯುವ ಮಾನವೇ ಸಾಬೂನೀಕರಣ ಸಂಖ್ಯೆ, ಅಂದರೆ ಒಂದು ಗ್ರಾಂ ವಸ್ತುವನ್ನು ಸಾಬೂನಾಗಿಸಲು ಬೇಕಾಗುವ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಮಿಲಿಗ್ರಾಂ ಪ್ರಮಾಣ. ಬೇಬೆರಿಗೆ ಅದು ಸುಮಾರು 205ರಿಂದ 217ರವರೆಗೆ ಇರುತ್ತದೆ. ಜೇನುಮೇಣಕ್ಕೆ ನೂರರ ಆಸುಪಾಸಿನಲ್ಲಿಯೂ ಕಾರ್ನೌಬಕ್ಕೆ 78ರಿಂದ 95ರವರೆಗೂ ಕ್ಯಾಂಡೆಲಿಲ್ಲಕ್ಕೆ 43ರಿಂದ 65ರವರೆಗೂ ಇರುತ್ತದೆ. ಹೊಸ ಮೇಣವೊಂದು ಕೈಗೆ ಬಂದಾಗ ಅದರಿಂದ ಸಾಬೂನು ಆಗುವುದೇ ಎಂದು ತಿಳಿಯಬೇಕಿದ್ದರೆ ಮೊದಲು ನೋಡಬೇಕಾದದ್ದು ಈ ಸಂಖ್ಯೆಯನ್ನೇ.

ಇದೇ ಗುಂಪಿಗೆ ಸೇರುವ ಇನ್ನೂ ಕೆಲವು ಸಸ್ಯಗಳಿವೆ. ಜಪಾನಿನ ಹಾಜೆ ಮರದ ಹಣ್ಣಿನಿಂದ ತೆಗೆಯುವ ಮೇಣ ಕೂಡ ಮುಖ್ಯವಾಗಿ ಪಾಮಿಟಿಕ್ ಆಮ್ಲದ ಕೊಬ್ಬೇ ಆಗಿದ್ದು, ಅಲ್ಲಿನ ಸಾಂಪ್ರದಾಯಿಕ ಬತ್ತಿಗಳು ಅದರಿಂದಲೇ ತಯಾರಾಗುತ್ತವೆ. ಚೀನಾದ ಟ್ಯಾಲೋ ಮರದ ಬೀಜವನ್ನು ಹೊರಗಿನಿಂದ ಸುತ್ತಿರುವ ಬಿಳಿಯ ಪದರವೂ ಅಂಥದ್ದೇ; ಆದರೆ ಅದೇ ಬೀಜದ ಒಳತಿರುಳಿನ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಬೇರೊಂದು ಎಣ್ಣೆಯಾದ್ದರಿಂದ ಎರಡನ್ನೂ ಬೆರೆಸದೆ ತೆಗೆಯಬೇಕಾಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಬೀಜದಿಂದ ದೊರೆಯುವ ಗಟ್ಟಿ ಕೊಬ್ಬನ್ನೂ ಬತ್ತಿ ಮತ್ತು ಸಾಬೂನುಗಳಿಗೆ ಬಳಸುತ್ತಾರೆ.

ಕಾಲ್ಮ್ ಅವರು ಕ್ಷೌರವನ್ನು ಹೆಸರಿಸಿ ಹೇಳಿದ್ದಕ್ಕೂ ಇಲ್ಲಿಯೇ ಕಾರಣ ಕಾಣುತ್ತದೆ. ಮಿರಿಸ್ಟಿಕ್ ಆಮ್ಲದ ಸಾಬೂನು ಬೇಗನೆ ಹೇರಳವಾಗಿ ನೊರೆ ಕೊಡುತ್ತದೆ, ಪಾಮಿಟಿಕ್ ಆಮ್ಲದ್ದು ಆ ನೊರೆಯನ್ನು ದಟ್ಟವಾಗಿಯೂ ಬಹಳ ಹೊತ್ತು ನಿಲ್ಲುವಂತೆಯೂ ಮಾಡುತ್ತದೆ. ಮುಖದ ಮೇಲೆ ಕ್ಷೌರ ಮುಗಿಯುವವರೆಗೆ ಇಳಿಯದೆ ನಿಲ್ಲುವ ನೊರೆಗೆ ಬೇಕಾದದ್ದು ಈ ಎರಡೇ ಗುಣಗಳು.

ಬತ್ತಿ ಹೊಸೆಯುವವರು:

ಇಳುವರಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಒಣಗಿದ ಬೇಬೆರಿ ಹಣ್ಣಿನ ತೂಕದಲ್ಲಿ ಮೇಣದ ಪಾಲು ಹೆಚ್ಚೆಂದರೆ ಶೇಕಡಾ 30ರಷ್ಟಿರುತ್ತದೆ. ಹಣ್ಣಿನ ಹೊರಮೈಯಲ್ಲಿ ಇಷ್ಟೊಂದು ಮೇಣವನ್ನು ಕೂಡಿಡುವ ಸಸ್ಯ ಬಹುಶಃ ಮತ್ತೊಂದಿಲ್ಲ. ಆದರೆ ಮನೆಯಲ್ಲಿ ನೀರಿನಲ್ಲಿ ಕುದಿಸಿ ತೆಗೆಯುವಾಗ ಅಷ್ಟೂ ಕೈಗೆ ಬರುವುದಿಲ್ಲ. ಸ್ವಲ್ಪ ಬೀಜಕ್ಕೆ ಅಂಟಿಕೊಂಡಿರುತ್ತದೆ, ಸ್ವಲ್ಪ ಸೋಸುವ ಬಟ್ಟೆಯಲ್ಲಿ ಉಳಿಯುತ್ತದೆ. ನಾಲ್ಕನೆಯ ಒಂದು ಭಾಗ ದೊರೆತರೆ ಅದನ್ನು ಬಹಳ ಒಳ್ಳೆಯ ಇಳುವರಿ ಎಂದೇ ತಿಳಿಯಬೇಕು. ಇಪ್ಪತ್ತು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ದಪ್ಪದ ಒಂದು ಬತ್ತಿಗೆ ಸುಮಾರು 60 ಗ್ರಾಂ ಮೇಣ ಬೇಕಾಗುವುದರಿಂದ ಒಂದು ಕಿಲೋಗ್ರಾಂ ಹಣ್ಣಿನಿಂದ ಮೂರು, ಹೆಚ್ಚೆಂದರೆ ನಾಲ್ಕು ಬತ್ತಿಗಳಾಗುತ್ತವೆ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಯೋಜನೆ ಮಾಡಬೇಕು.

ಮೇಣ ತೆಗೆಯುವ ಕ್ರಮ ಕಷ್ಟದ್ದಲ್ಲ, ಆದರೆ ಆತುರ ಸಲ್ಲದು. ಎಲೆ, ಕಡ್ಡಿ, ಮರಳನ್ನೆಲ್ಲ ಜರಡಿ ಹಿಡಿದು ತೆಗೆದ ಮೇಲೆ ಹಣ್ಣುಗಳನ್ನು ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯಲ್ಲಿ ಹಾಕಿ, ಅವು ಧಾರಾಳವಾಗಿ ಮುಳುಗುವಷ್ಟು ನೀರು ಹೊಯ್ದು, ಸಣ್ಣ ಉರಿಯಲ್ಲಿ ಕಾಯಿಸಬೇಕು. ಮೇಣ ಸುಮಾರು 45ರಿಂದ 49 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಕೊತಕೊತ ಕುದಿಸುವ ಅಗತ್ಯವಿಲ್ಲ. ಜೋರಾಗಿ ಕುದಿಸಿದರೆ ಮೇಣ ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಬೆರೆತು ಹಾಲಿನಂತಾಗುತ್ತದೆ. ಇದರ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರವಿರುವುದರಿಂದ ಹಾಗೆ ಬೆರೆತದ್ದು ಮತ್ತೆ ಬೇರ್ಪಡಲು ಬಹಳ ಹೊತ್ತು ಹಿಡಿಯುತ್ತದೆ. ಗಡಸು ನೀರಿನ ಬದಲು ಮಳೆನೀರನ್ನೋ ಬಟ್ಟಿ ಇಳಿಸಿದ ನೀರನ್ನೋ ಬಳಸುವುದು ಉತ್ತಮ.

ಮೇಣವೆಲ್ಲ ಬಿಟ್ಟುಕೊಂಡ ಮೇಲೆ ಬಿಸಿಯಿರುವಾಗಲೇ ತೆಳುವಾದ ಅರಿವೆಯಲ್ಲಿ ಸೋಸಿ, ಪಾತ್ರೆಯನ್ನು ಮುಚ್ಚಿ, ಅಲುಗಾಡಿಸದೆ ರಾತ್ರಿಯಿಡೀ ಆರಲು ಬಿಡಬೇಕು. ಬೆಳಿಗ್ಗೆ ಹಸಿರು ಬಣ್ಣದ ಬಿಲ್ಲೆಯೊಂದು ನೀರಿನ ಮೇಲೆ ಕಟ್ಟಿರುತ್ತದೆ. ಅದರ ತಳಕ್ಕೆ ಅಂಟಿದ ಕಸವನ್ನು ಚಾಕುವಿನಿಂದ ಕೆರೆದು, ಬಿಸಿನೀರಿನ ಪಾತ್ರೆಯೊಳಗಿಟ್ಟ ಇನ್ನೊಂದು ಪಾತ್ರೆಯಲ್ಲಿ ಮತ್ತೊಮ್ಮೆ ಕರಗಿಸಿ ಸೋಸಿದರೆ ಶುದ್ಧವಾಗುತ್ತದೆ. ಎರಡನೆಯ ಸಲ ಕರಗಿಸುವುದನ್ನು ಕೈಬಿಡಬಾರದು, ಏಕೆಂದರೆ ಮೇಣದೊಳಗೆ ಉಳಿದ ನೀರೇ ಬತ್ತಿ ಉರಿಯುವಾಗ ಚಟಪಟ ಸಿಡಿಯುವುದಕ್ಕೆ ಕಾರಣವಾಗುತ್ತದೆ. ಮೇಣದ ಪಾತ್ರೆಯನ್ನು ಎಂದಿಗೂ ನೇರವಾಗಿ ಉರಿಯ ಮೇಲಿಡಬಾರದು. ಒಂದು ವೇಳೆ ಹೊತ್ತಿಕೊಂಡರೆ ನೀರು ಸುರಿಯದೆ, ಉರಿಯನ್ನು ಆರಿಸಿ ಬಿಗಿಯಾದ ಮುಚ್ಚಳದಿಂದ ಮುಚ್ಚಬೇಕು. ಉರಿಯುವ ಮೇಣದ ಮೇಲೆ ಬಿದ್ದ ನೀರು ಒಮ್ಮೆಲೇ ಆವಿಯಾಗಿ ಮೇಣವನ್ನು ಸುತ್ತಲೂ ಎರಚುತ್ತದೆ.

ಈಗ ಬತ್ತಿಯ ವಿಷಯ. ಬರಿಯ ಬೇಬೆರಿ ಮೇಣ ಗಡುಸು, ಆದರೆ ಸುಲಭವಾಗಿ ಬಿರುಕುಬಿಡುವಂಥದ್ದು. ಅಚ್ಚಿನಲ್ಲಿ ಆರುವಾಗ ಕುಗ್ಗಿ ಸೀಳುಬಿಡುತ್ತದೆ. ಮೂರನೆಯ ಒಂದು ಪಾಲು ಜೇನುಮೇಣ ಸೇರಿಸಿದರೆ ಆ ದೋಷ ತಗ್ಗುತ್ತದೆ ಮತ್ತು ಸಿಕ್ಕಿದ ಸ್ವಲ್ಪ ಮೇಣ ಹೆಚ್ಚು ಬತ್ತಿಗಳಿಗೆ ಸಾಲುತ್ತದೆ. ಗಟ್ಟಿಯಾಗಲೆಂದು ಕಾರ್ನೌಬ ಅಥವಾ ಕ್ಯಾಂಡೆಲಿಲ್ಲವನ್ನು ಸೇರಿಸುವವರಿದ್ದಾರೆ. ನೂರಕ್ಕೆ ಎರಡು ಮೂರು ಪಾಲಿಗಿಂತ ಹೆಚ್ಚು ಹಾಕಿದರೆ ಮೇಣ ದಾರದಲ್ಲಿ ಸರಾಗವಾಗಿ ಏರದೆ ಜ್ವಾಲೆ ಕುಂದುತ್ತದೆ ಎಂಬುದನ್ನು ಅವರು ಗಮನಿಸಬೇಕು.

ಮೇಣದಲ್ಲಿ ಅದ್ದಿ ಅದ್ದಿ ಮಾಡುವ ಬತ್ತಿ ನೋಡಲು ಬಹಳ ಚೆಲುವಾಗಿರುತ್ತದೆ. ಆದರೆ ಅದಕ್ಕೆ ಬತ್ತಿಯ ಉದ್ದಕ್ಕಿಂತ ಆಳವಾದ ಪಾತ್ರೆಯ ತುಂಬ ಮೇಣ ಬೇಕಾಗುವುದರಿಂದ, ಕಾಲು ಕಿಲೋಗ್ರಾಂ ಮೇಣ ಇಟ್ಟುಕೊಂಡವರಿಗೆ ಅಚ್ಚೇ ಸೂಕ್ತ. ಅದ್ದುವಷ್ಟು ಮೇಣ ಇರುವವರು ಅದನ್ನು 55ರಿಂದ 60 ಡಿಗ್ರಿಯಲ್ಲಿ ಇಟ್ಟುಕೊಳ್ಳಬೇಕು. ಅದಕ್ಕಿಂತ ಬಿಸಿಯಾದರೆ ಹಿಂದಿನ ಪದರವೇ ಕರಗಿ ಇಳಿಯುತ್ತದೆ, ತಣ್ಣಗಾದರೆ ಮೈ ಉಬ್ಬುತಗ್ಗಾಗುತ್ತದೆ. ಯಾವ ವಿಧಾನವಾದರೂ ಹೊಸೆದ ದಾರಕ್ಕಿಂತ ಜಡೆಯಂತೆ ಹೆಣೆದ ಹತ್ತಿಯ ದಾರ ಮೇಲು. ಹೆಣೆದ ದಾರ ಉರಿಯುತ್ತ ಬಾಗಿ ತನ್ನ ತುದಿಯನ್ನು ಜ್ವಾಲೆಯ ಅತಿ ಬಿಸಿಯಾದ ಹೊರ ಅಂಚಿಗೆ ಒಡ್ಡಿಕೊಂಡು ತಾನೇ ಬೂದಿಯಾಗುತ್ತದೆ. ಫ್ರಾನ್ಸಿನ ಕಂಬಾಸೆರೆಸ್ 1825ರಲ್ಲಿ ಇಂಥ ದಾರವನ್ನು ಬಳಕೆಗೆ ತರುವವರೆಗೆ ಕರಕಲಾದ ತುದಿಯನ್ನು ಮತ್ತೆ ಮತ್ತೆ ಕತ್ತರಿಸುತ್ತಲೇ ಇರಬೇಕಾಗಿತ್ತು.

ಪರಿಮಳದ ಬಗ್ಗೆ ಒಂದು ಮಾತು. ಬೇಬೆರಿ ಬತ್ತಿ ಎಂದು ಮಾರಾಟವಾಗುವ ಅನೇಕ ಬತ್ತಿಗಳು ಸುಗಂಧ ಬೆರೆಸಿದ ಪ್ಯಾರಾಫಿನ್ ಮಾತ್ರ ಆಗಿರುತ್ತವೆ. ನಿಜವಾದದ್ದು ಉರಿಯುವಾಗ ಅಷ್ಟಾಗಿ ವಾಸನೆ ಕೊಡುವುದಿಲ್ಲ. ಆರಿಸಿದಾಗ ಏಳುವ ಹೊಗೆಯಲ್ಲಿ ಅದರ ಸೊಗಸು ತಿಳಿಯುತ್ತದೆ.

ಎಲೆ ನೋಡುವವಳು:

ಮೇಲಿನ ಎರಡೂ ಉತ್ತರಗಳು ಬಹಳ ಉಪಯುಕ್ತವಾಗಿವೆ. ಆದರೆ ಪಾತ್ರೆ ಒಲೆಗೇರುವ ಮೊದಲು ಹಣ್ಣನ್ನು ಸರಿಯಾಗಿ ಗುರುತಿಸುವ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬೇಬೆರಿ ಬೆಳೆಯುವ ಅದೇ ಮರಳುದಿಬ್ಬಗಳಲ್ಲಿ ಪಾಯ್ಸನ್ ಐವಿಯೂ ಬೆಳೆಯುತ್ತದೆ, ಅದರ ಹಣ್ಣೂ ಬಿಳುಪಾಗಿರುತ್ತದೆ, ಮತ್ತು ಎಲೆ ಉದುರಿದ ಮೇಲೆ ಎರಡೂ ಗಿಡಗಳ ಕಡ್ಡಿಗಳು ಒಂದರೊಳಗೊಂದು ಹೆಣೆದುಕೊಂಡಿರಬಹುದು. ಪಾಯ್ಸನ್ ಐವಿಯಲ್ಲಿರುವ ಉರುಶಿಯಾಲ್ ಎಂಬ ವಸ್ತು ಚರ್ಮದ ಮೇಲೆ ಗುಳ್ಳೆ ಎಬ್ಬಿಸುತ್ತದೆ. ಆ ಗಿಡ ಉರಿದಾಗ ಏಳುವ ಹೊಗೆಯನ್ನು ಉಸಿರಾಡಿದರೆ ಶ್ವಾಸಕೋಶಕ್ಕೇ ಹಾನಿ.

ಬೇಬೆರಿಯ ಹಣ್ಣುಗಳು ಹಿಂದಿನ ವರ್ಷದ ಕೊಂಬೆಗೆ ಒತ್ತೊತ್ತಾಗಿ ಅಂಟಿಕೊಂಡಂತೆ ಇರುತ್ತವೆ. ಪಾಯ್ಸನ್ ಐವಿಯವು ಸಡಿಲವಾದ ಗೊಂಚಲಿನಲ್ಲಿ ತೊಟ್ಟಿನಿಂದ ತೂಗುತ್ತವೆ. ಬೇಬೆರಿ ಹಣ್ಣಿನ ಮೈ ಮೇಣದ ಹರಳುಗಳಿಂದ ಒರಟಾಗಿದ್ದರೆ ಇನ್ನೊಂದರದ್ದು ನುಣುಪು. ಬೇಬೆರಿಯ ಎಲೆ ಒಂಟಿಯಾಗಿದ್ದು ಹಿಸುಕಿದರೆ ಘಮಘಮಿಸುತ್ತದೆ. ಪಾಯ್ಸನ್ ಐವಿಯದು ಮೂರು ಎಲೆಗಳ ಜೋಡಣೆ, ಅದನ್ನು ಹಿಸುಕಿ ನೋಡಲು ಯಾರೂ ಹೋಗಬಾರದು. ಹಣ್ಣು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಮಾಗುವುದರಿಂದ ಎಲೆಗಳು ಇರುವಾಗಲೇ ಗಿಡಗಳನ್ನು ಗುರುತುಮಾಡಿಕೊಳ್ಳುವುದು ಕ್ಷೇಮ. ಹಾಜೆ ಮರವೂ ಪಾಯ್ಸನ್ ಐವಿಯ ಕುಲಕ್ಕೇ ಸೇರಿದ್ದು, ಅದರ ಹಣ್ಣನ್ನು ಕೀಳುವವರಿಗೂ ತುರಿಕೆಯ ಭಯವಿರುತ್ತದೆ. ಮೇಲೆ ಆ ಮರದ ಹೆಸರು ಬಂದದ್ದರಿಂದ ಇದನ್ನೂ ಹೇಳಬೇಕಾಯಿತು.

ಕಡಲಪೊದೆ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮೇಣ ಕಡಿಮೆ ದೊರೆಯುವುದರಿಂದ ಅದನ್ನು ಬೇರೆ ಎಣ್ಣೆಗಳೊಂದಿಗೆ ಬೆರೆಸಿಯೇ ಸಾಬೂನು ಮಾಡಬೇಕೆಂದು ಅರ್ಥವಾಯಿತು. ಅರ್ಧ ಕಿಲೋಗ್ರಾಂ ಎಣ್ಣೆಯ ಲೆಕ್ಕಕ್ಕೆ ಕಾಸ್ಟಿಕ್ ಸೋಡಾ ಎಷ್ಟು ಬೇಕಾಗುತ್ತದೆ ಎಂಬುದನ್ನು ರಸಾಯನ ಓದುಗರು ವಿವರಿಸಲು ಸಾಧ್ಯವೇ? ಕಟ್ಟಿಗೆಯ ಬೂದಿಯಿಂದ ತೆಗೆದ ಕ್ಷಾರವನ್ನೇ ಬಳಸಿದರೆ ಕೆಲಸ ಪೂರ್ತಿಯಾಗಿ ಕಾಡಿನದೇ ಆಗುತ್ತದಲ್ಲವೇ ಎಂಬ ಆಸೆಯೂ ಇದೆ.

ರಸಾಯನ ಓದುಗ:

ಬೂದಿಯ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಆ ಆಸೆಯನ್ನು ನಾನು ಗೌರವಿಸುತ್ತೇನಾದರೂ ಅದಕ್ಕೆ ಒಪ್ಪಲಾರೆ. ಬೂದಿಯನ್ನು ನೆನೆಸಿ ಬಸಿದ ನೀರಿನಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್. ಅದು ಕೊಬ್ಬನ್ನು ಒಡೆಯುವುದರಲ್ಲಿ ದುರ್ಬಲ. ಸುಣ್ಣದೊಂದಿಗೆ ಸೇರಿಸಿ ಹೈಡ್ರಾಕ್ಸೈಡ್ ಆಗಿ ಮಾರ್ಪಡಿಸಿದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಆಗಲೂ ದೊರೆಯುವುದು ಮುದ್ದೆಯಂಥ ಮೆದು ಸಾಬೂನು. ಅದನ್ನು ಗಟ್ಟಿ ಮಾಡಲು ಹಿಂದಿನವರು ಅಡುಗೆ ಉಪ್ಪು ಹಾಕಿ ಕುದಿಸುತ್ತಿದ್ದರು. ಬೂದಿನೀರಿನ ಬಲ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲವಾದ್ದರಿಂದ ಕಷ್ಟಪಟ್ಟು ಕೂಡಿಸಿದ ಮೇಣವನ್ನು ಅದರ ಪಾಲಿಗೆ ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ. ಪ್ರಯೋಗ ಮಾಡಲೇಬೇಕೆಂದಿದ್ದರೆ ಮೊದಲು ಬೇರೆ ಸಾಮಾನ್ಯ ಎಣ್ಣೆಯಲ್ಲಿ ಮಾಡಿ ನೋಡಬಹುದು.

ಕಾಸ್ಟಿಕ್ ಸೋಡಾದ ಲೆಕ್ಕ ಹೀಗಿದೆ. ಸಾಬೂನೀಕರಣ ಸಂಖ್ಯೆಯನ್ನು 0.713ರಿಂದ ಗುಣಿಸಿದರೆ ಸೋಡಿಯಂ ಹೈಡ್ರಾಕ್ಸೈಡಿನ, ಅಂದರೆ ಕಾಸ್ಟಿಕ್ ಸೋಡಾದ, ಮಿಲಿಗ್ರಾಂ ಪ್ರಮಾಣ ದೊರೆಯುತ್ತದೆ. ಕಾಡಿನಿಂದ ತಂದ ಮೇಣದ ಸಂಖ್ಯೆ 205 ಇದೆಯೋ 217 ಇದೆಯೋ ಎಂದು ಮನೆಯಲ್ಲಿ ಅಳೆಯಲಾಗದು, ಆದ್ದರಿಂದ ಕಡಿಮೆಯದನ್ನೇ ಹಿಡಿಯಬೇಕು. ಹಾಗೆ ಮಾಡಿದರೆ ಉಳಿಯುವುದು ಸ್ವಲ್ಪ ಕೊಬ್ಬೇ ಹೊರತು ಚರ್ಮ ಸುಡುವ ಕ್ಷಾರವಲ್ಲ. ಅಂದರೆ ಒಂದು ಗ್ರಾಂ ಬೇಬೆರಿ ಮೇಣಕ್ಕೆ 0.146 ಗ್ರಾಂ. ಆಲಿವ್ ಎಣ್ಣೆಗೆ 0.135, ಕೊಬ್ಬರಿ ಎಣ್ಣೆಗೆ 0.183. ಬೇಬೆರಿ ಮೇಣ 150 ಗ್ರಾಂ, ಆಲಿವ್ ಎಣ್ಣೆ 225 ಗ್ರಾಂ, ಕೊಬ್ಬರಿ ಎಣ್ಣೆ 125 ಗ್ರಾಂ ತೆಗೆದುಕೊಂಡರೆ ಪೂರ್ತಿ ಸಾಬೂನಾಗಲು ಬೇಕಾದ ಕಾಸ್ಟಿಕ್ ಸೋಡಾ ಸುಮಾರು 75.2 ಗ್ರಾಂ. ಅದರಲ್ಲಿ 71 ಗ್ರಾಂ ಮಾತ್ರ ಬಳಸಿದರೆ ಮೇಣದ ಸಂಖ್ಯೆ ಯಾವ ಅಂಚಿನಲ್ಲಿದ್ದರೂ ಶೇಕಡಾ 5ರಿಂದ 7ರಷ್ಟು ಕೊಬ್ಬು ಮಾರ್ಪಡದೆ ಉಳಿದು ಸಾಬೂನು ಚರ್ಮಕ್ಕೆ ಹಿತವಾಗಿರುತ್ತದೆ. ನೀರು 150 ಗ್ರಾಂ ಸಾಕು.

ಇಲ್ಲಿ ಮೇಣ ಒಣಗಿರಬೇಕಾದದ್ದು ಬತ್ತಿಗಿಂತಲೂ ಮುಖ್ಯ. ಒದ್ದೆ ಮೇಣವನ್ನು 150 ಗ್ರಾಂ ತೂಗಿದರೆ ಅದರಲ್ಲಿ ಒಂದು ಪಾಲು ನೀರೇ ಇದ್ದು, ಕ್ಷಾರ ಲೆಕ್ಕಕ್ಕಿಂತ ಹೆಚ್ಚಾಗಿಬಿಡುತ್ತದೆ.

ಕ್ಷಾರವನ್ನು ಯಾವಾಗಲೂ ನೀರಿಗೆ ಹಾಕಬೇಕು, ನೀರನ್ನು ಕ್ಷಾರಕ್ಕೆ ಹೊಯ್ಯಬಾರದು. ಅದು ತಾನಾಗಿಯೇ ಬಹಳ ಬಿಸಿಯಾಗಿ ಉಸಿರುಗಟ್ಟಿಸುವ ಆವಿ ಬಿಡುವುದರಿಂದ ಕಣ್ಣಿಗೆ ಕನ್ನಡಕ, ಕೈಗೆ ಗವಸು, ಗಾಳಿಯಾಡುವ ಜಾಗ ಇವು ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಹತ್ತಿರಕ್ಕೂ ತರಬಾರದು. ಕ್ಷಾರ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡಿಸುತ್ತದೆ. ಮೈಮೇಲೆ ಸಿಡಿದರೆ ವಿನೆಗರ್ ಹುಡುಕುತ್ತ ನಿಲ್ಲದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು.

ಸಾಮಾನ್ಯ ಎಣ್ಣೆಗಳ ಸಾಬೂನನ್ನು ಕೋಣೆಯ ಉಷ್ಣತೆಯ ಹತ್ತಿರದಲ್ಲಿಯೇ ಕಲಸುವವರಿದ್ದಾರೆ, ಆದರೆ ಈ ಮೇಣಕ್ಕೆ ಅದು ಒಗ್ಗುವುದಿಲ್ಲ. ಎಣ್ಣೆಯ ಮಿಶ್ರಣವೂ ಕ್ಷಾರದ ನೀರೂ 50ರಿಂದ 55 ಡಿಗ್ರಿಯಲ್ಲಿರುವಾಗ ಬೆರೆಸಬೇಕು. ಅದಕ್ಕಿಂತ ತಣ್ಣಗಾದರೆ ಮೇಣ ಹೆಪ್ಪುಗಟ್ಟಿ, ಸಾಬೂನಿನ ಕ್ರಿಯೆ ಇನ್ನೂ ನಡೆಯದಿದ್ದರೂ ಮಿಶ್ರಣ ದಪ್ಪವಾಗಿ, ಹದಕ್ಕೆ ಬಂದಂತೆ ಕಾಣುತ್ತದೆ. ಹಾಗೆ ಕಂಡದ್ದನ್ನು ಅಚ್ಚಿಗೆ ಸುರಿದರೆ ಎಣ್ಣೆ ಒಂದು ಕಡೆ, ಕ್ಷಾರ ಇನ್ನೊಂದು ಕಡೆ ಉಳಿಯುತ್ತದೆ. ಸರಿಯಾದ ಬಿಸಿಯಲ್ಲಿ ಕಲಕಿದರೆ ಅದು ಬೇಗನೆ ಗಂಜಿಯ ಹದಕ್ಕೆ ಬರುವುದರಿಂದ ಅಚ್ಚನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಒಂದು ಅಥವಾ ಎರಡು ದಿನಗಳ ಮೇಲೆ ತುಂಡು ಮಾಡಿ, ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಒಣಗಲು ಬಿಡಬೇಕು. ಹಸಿರು ಛಾಯೆ ಕ್ಷಾರದಲ್ಲಿ ಸ್ವಲ್ಪ ಮಂಕಾಗುವುದು ಸಹಜ, ಅದನ್ನು ದೋಷವೆಂದು ತಿಳಿಯಬೇಕಾಗಿಲ್ಲ.

ಹಕ್ಕಿಗಾವಲು:

ಇಷ್ಟು ಹೊತ್ತಿನ ಚರ್ಚೆಯಲ್ಲಿ ಆ ಹಣ್ಣುಗಳು ಇನ್ನು ಯಾರಿಗೆ ಬೇಕು ಎಂಬ ಪ್ರಶ್ನೆ ಬಂದೇ ಇಲ್ಲ. ಬೇಬೆರಿ ಮೇಣವನ್ನು ಜೀರ್ಣಿಸಿಕೊಳ್ಳಬಲ್ಲ ಹಕ್ಕಿಗಳು ಬಹಳ ಕಡಿಮೆ. ಹಳದಿ ಸೊಂಟದ ವಾರ್ಬ್ಲರ್ ಮತ್ತು ಮರಕವಲುತೋಕೆ ಆ ಕೆಲವಕ್ಕೆ ಸೇರಿವೆ. ವಾರ್ಬ್ಲರ್‌ಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ದೂರದ ದಕ್ಷಿಣಕ್ಕೆ ಹಾರಿಹೋಗುವಾಗ ಈ ಹಳದಿ ಸೊಂಟದ ಹಕ್ಕಿ ಹುಳುಗಳೇ ಸಿಗದ ಚಳಿಯಲ್ಲಿಯೂ ಕರಾವಳಿಯಲ್ಲಿ ಉಳಿಯುವುದು ಈ ಮೇಣದ ಹಣ್ಣುಗಳ ಬಲದಿಂದ. ಹಣ್ಣುಗಳು ವಸಂತದವರೆಗೂ ಗಿಡದಲ್ಲಿ ಉಳಿಯುತ್ತವೆ ಎಂದು ಅವನ್ನು ಬೇಡವಾದವುಗಳೆಂದು ಭಾವಿಸಬಾರದು; ತಿಂಗಳುಗಟ್ಟಲೆ ನಡೆಯಬೇಕಾದ ಆಹಾರದ ಸಂಗ್ರಹ ಅದು. ನಾಲ್ಕು ಬತ್ತಿಗಳಿಗಾಗಿ ಒಂದು ಕಿಲೋಗ್ರಾಂ ಹಣ್ಣು ಎಂಬ ಲೆಕ್ಕವನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟು ಕಿತ್ತರೆ ಒಂದು ಸಣ್ಣ ದಿಬ್ಬದ ಪೊದೆಗಳೇ ಬರಿದಾಗಬಹುದು.

ಗಿಡಗಳಿಂದ ಮೇಣ ತೆಗೆದ ಚರಿತ್ರೆಯಲ್ಲಿ ದುಃಖದ ಉದಾಹರಣೆಗಳು ಬೇಕಾದಷ್ಟಿವೆ. ಕೊಲಂಬಿಯಾದ ಆಂಡೀಸ್ ಪರ್ವತಗಳಲ್ಲಿ ಬೆಳೆಯುವ ಮೇಣದ ತಾಳೆಯ ಕಾಂಡವನ್ನು ಕೆರೆದು ಬತ್ತಿಗೆ ಮೇಣ ತೆಗೆಯುತ್ತಿದ್ದರು, ಅದಕ್ಕಾಗಿ ಮರಗಳನ್ನೇ ಉರುಳಿಸುತ್ತಿದ್ದದ್ದೂ ಉಂಟು. 1985ರಲ್ಲಿ ಅದನ್ನು ಆ ದೇಶದ ರಾಷ್ಟ್ರವೃಕ್ಷವೆಂದು ಘೋಷಿಸಿ ಕಾನೂನಿನ ರಕ್ಷಣೆ ಕೊಡಬೇಕಾಯಿತು. ಕ್ಯಾಂಡೆಲಿಲ್ಲ ಬೆಳೆಯುವುದು ಮೆಕ್ಸಿಕೋದ ಉತ್ತರ ಭಾಗದ ಮತ್ತು ಟೆಕ್ಸಾಸಿನ ಚಿವಾವಾ ಮರುಭೂಮಿಯಲ್ಲಿ. ಅದನ್ನು ಕೈಯಿಂದ ಬೇರುಸಹಿತ ಕಿತ್ತು, ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಕುದಿಸಿ ಮೇಣ ತೆಗೆಯುತ್ತಾರೆ. ವಿನಾಶದ ಭಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಆ ಗಿಡವೂ ಇದೆ.

ಬತ್ತಿ ಹೊಸೆಯುವವರು:

ಹಕ್ಕಿಗಾವಲು ಅವರ ಕಾಳಜಿ ನ್ಯಾಯವಾದದ್ದು, ಮತ್ತು ನನ್ನ ಲೆಕ್ಕ ಅದೇ ಕಡೆಗೆ ತೋರಿಸುತ್ತದೆ. ಆದರೆ ಎಲ್ಲ ಮೇಣವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಬ್ರೆಜಿಲ್‌ನ ಈಶಾನ್ಯದಲ್ಲಿ ಕಾರ್ನೌಬ ತಾಳೆಯ ಎಲೆಗಳನ್ನು ಕತ್ತರಿಸಿ, ಒಣಗಿಸಿ, ಬಡಿದು ಪುಡಿಯಾಗಿ ಮೇಣ ಉದುರಿಸುತ್ತಾರೆ. ಸುಳಿ ಉಳಿಸಿದರೆ ಮರ ಮತ್ತೆ ಎಲೆ ಬಿಡುತ್ತದೆ. ಬೇಬೆರಿಯಲ್ಲಿಯೂ ಕೊಂಬೆ ಮುರಿಯದೆ ಹಣ್ಣನ್ನು ಮಾತ್ರ ಬೆರಳಿನಿಂದ ಸವರಿ ತೆಗೆದರೆ ಗಿಡಕ್ಕೆ ನೋವಿಲ್ಲ. ಬೇರು ಕೀಳುವುದಕ್ಕೂ ಹಣ್ಣು ಕೀಳುವುದಕ್ಕೂ ದೊಡ್ಡ ಅಂತರವಿದೆ. ಹಕ್ಕಿಯ ಪಾಲಿನ ಪ್ರಶ್ನೆ ಬೇರೆ, ಅದಕ್ಕೆ ನನ್ನ ಉತ್ತರ ಇಷ್ಟೇ: ದಿಬ್ಬದ ಮೇಲಿನ ಕಾಡುಪೊದೆಗಳಿಂದ ಕೈತುಂಬ ಹಣ್ಣನ್ನು ಮಾತ್ರ, ಅದೂ ಅನುಮತಿ ಇರುವ ಕಡೆ, ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪವಾಗಿ ಕಿತ್ತು, ಜೇನುಮೇಣದ ಬತ್ತಿಯೊಂದರ ಮೇಲೆ ಕೊನೆಯ ಪದರವಾಗಿ ಬಳಸಬಹುದು. ಹೊರಪದರ ಮಾತ್ರ ಬೇಬೆರಿಯಾದರೂ ಆರಿಸಿದಾಗಿನ ಆ ಪರಿಮಳ ಬಂದೇ ಬರುತ್ತದೆ. ರಸ್ತೆಯ ಅಂಚಿನ ಗಿಡಗಳನ್ನು ಬಿಟ್ಟುಬಿಡಬೇಕು, ಏಕೆಂದರೆ ಧೂಳೂ ವಾಹನದ ಹೊಗೆಯ ಕೊಳೆಯೂ ಜಿಡ್ಡಿನ ಮೈಗೆ ಅಂಟಿಕೊಂಡಿರುತ್ತವೆ.

ಕಡಲಪೊದೆ:

ಹಕ್ಕಿಗಳ ವಿಷಯ ನನಗೆ ತಿಳಿದಿರಲಿಲ್ಲ. ಎಲ್ಲರ ಮಾತನ್ನೂ ಓದಿದ ಮೇಲೆ ಈ ವರ್ಷ ಸಾಬೂನಿನ ಯೋಚನೆಯನ್ನು ಬಿಟ್ಟು, ಸೂಚಿಸಿದಂತೆ ಒಂದೆರಡು ಬತ್ತಿಗಳಿಗೆ ಹೊರಪದರವಾಗುವಷ್ಟನ್ನು ಮಾತ್ರ ತರಲು ನಿಶ್ಚಯಿಸಿದ್ದೇನೆ. ಸಾಬೂನಿಗೆ ಬೇಕಾದಷ್ಟು ಹಣ್ಣನ್ನು ಸ್ವಂತ ನೆಲದಲ್ಲಿ ಬೆಳೆದುಕೊಳ್ಳುವುದು ಸಾಧ್ಯವಿದ್ದರೆ ಅದೇ ಸರಿಯಾದ ದಾರಿ ಎಂದು ತೋರುತ್ತದೆ. ಮೇಣ ತೆಗೆದು ಉಳಿದ ಬೀಜಗಳನ್ನೇ ಬಿತ್ತಬಹುದೇ?

ಎಲೆ ನೋಡುವವಳು:

ಬಿಸಿನೀರಿನಲ್ಲಿ ಬೆಂದ ಬೀಜ ಮೊಳೆಯುವುದಿಲ್ಲ. ಬಿತ್ತನೆಗೆ ಒಂದು ಹಿಡಿ ಹಸಿ ಹಣ್ಣನ್ನು ಮೊದಲೇ ಬೇರೆಯಾಗಿ ತೆಗೆದಿಡಬೇಕು. ಅದರ ಮೇಲಿನ ಮೇಣ ನೀರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಒರಟಾದ ಜರಡಿಯ ಮೇಲೆ ಉಜ್ಜಿ ಮೇಣವನ್ನು ತೆಗೆದು, ಬೀಜಗಳನ್ನು ತೇವದ ಮರಳಿನಲ್ಲಿ ಬೆರೆಸಿ, ಸುಮಾರು 4 ಡಿಗ್ರಿಯ ತಂಪಿನಲ್ಲಿ ಮೂರು ತಿಂಗಳು ಇರಿಸಬೇಕು. ಶರತ್ಕಾಲದಲ್ಲಿಯೇ ನೆಲದಲ್ಲಿ ಬಿತ್ತಿದರೆ ಚಳಿಗಾಲವೇ ಆ ಕೆಲಸವನ್ನು ಮಾಡುತ್ತದೆ. ಉಪ್ಪಿನ ಗಾಳಿಯನ್ನು ತಡೆದುಕೊಳ್ಳುವ ಈ ಗಿಡದ ಬೇರುಗಂಟುಗಳಲ್ಲಿ ಫ್ರಾಂಕಿಯ ಎಂಬ ಸೂಕ್ಷ್ಮಜೀವಿ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡ ಮರಳಿಗೂ ಗೊಬ್ಬರ ಹಾಕಬೇಕಾಗಿಲ್ಲ.

ಒಂದು ವಿಷಯಕ್ಕೆ ಮಾತ್ರ ಸಿದ್ಧರಿರಬೇಕು. ಬೇಬೆರಿಯಲ್ಲಿ ಗಂಡುಗಿಡ, ಹೆಣ್ಣುಗಿಡಗಳು ಬೇರೆ ಬೇರೆ, ಹಣ್ಣು ಬಿಡುವುದು ಹೆಣ್ಣು ಮಾತ್ರ, ಮತ್ತು ಮೊಳಕೆಯನ್ನು ನೋಡಿ ಯಾವುದು ಯಾವುದೆಂದು ಹೇಳಲಾಗದು. ಆದ್ದರಿಂದ ಒಂದೆರಡು ಗಿಡ ನೆಟ್ಟು ಕಾಯುವ ಬದಲು ಹತ್ತಾರು ಸಸಿಗಳನ್ನು ಒಟ್ಟಿಗೆ ನೆಟ್ಟು, ಅವು ಮೊದಲ ಸಲ ಹೂಬಿಟ್ಟಾಗ ಗುರುತುಮಾಡಿಕೊಳ್ಳಿ. ಪರಾಗವನ್ನು ಒಯ್ಯುವುದು ಗಾಳಿಯಾದ್ದರಿಂದ ಗಂಡುಗಿಡವನ್ನು ಹೆಣ್ಣುಗಿಡಗಳಿಗಿಂತ ಗಾಳಿ ಬೀಸಿಬರುವ ಕಡೆಗೆ ಉಳಿಸಿಕೊಂಡರೆ ಹಣ್ಣು ಚೆನ್ನಾಗಿ ಕಚ್ಚುತ್ತದೆ.